ಬೆಟ್ಟಸ್ವಾಮಿಯ ಬಿಳಿ ಕ್ಯಾನು

ನಟರಾಜು ಡೈರಿಯ ಸಜ್ಜಾಕ್ಕೆ ಹಾಕಿದ ತೇಪೆ ಮೂರನೇ ದಿನಕ್ಕೇ ಕಳಚಿಕೊಂಡಿತು. ಬಿದ್ದರೆ ಬೀಳಲಿ, ನೆಲಕ್ಕೆ ಬೀಳಬಹುದಿತ್ತು. ಸುನಂದಮ್ಮ ಆಗತಾನೇ ತಂದಿಟ್ಟ ಹಾಲಿನ ಪಾತ್ರೆಯೊಳಕ್ಕೆ, ಗುರಿಯಿಟ್ಟು ಒಗೆದ ಹಾಗೆ, ದುಬುಕ್ಕನೆ ಬಿತ್ತು.

"ಏನಪ್ಪಾ ಮೇಸ್ತ್ರಿ, ನನ್ನ ಎಮ್ಮೆ ಆಲು ತೆಳ್ಳಗದೆ ಅಂತ ಸಿಮೆಂಟ್ ಬೆರೆಸ್ತಾ ಇದ್ದೀಯಾ?" ಎಂದಳು ಸುನಂದಮ್ಮ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಹಾರನಹಳ್ಳಿ ಪಕ್ಕದ ಆ ಊರಿನ ಹಾಲಿನ ಡೈರಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿ ಹದಿನೈದು ವರ್ಷವಾಗಿತ್ತು. ಮಳೆನೀರು ಇಳಿದೂ ಇಳಿದೂ ಒಳಗಿನ ಕಂಬಿಗಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಹಪ್ಪಳದಂತೆ ಎದ್ದು ಉದುರುತ್ತಿತ್ತು. ಬಾಗಿಲ ಮೇಲಿನ ಸಜ್ಜಾ ರಿಪೇರಿ ನಟರಾಜುವಿನದು. ಒಳಗಿನ ತಾರಸಿಯ ಕೆಲಸ ಬೆಟ್ಟಸ್ವಾಮಿಯದು.

"ಬೆಟ್ಟಸ್ವಾಮಿ ಆಕಿರೋ ತೇಪೆ ನೋಡೋಗು, ಎಲ್ಲಿ ಒಡೆದಿತ್ತು ಅಂತ್ಲೇ ಗೊತ್ತಾಗಕಿಲ್ಲ" ಎಂದು ಸುನಂದಮ್ಮ ಸೇರಿಸಿದಳು.

ಆ ಹೆಸರು ಕೇಳಿದರೆ ಸಾಕು, ನಟರಾಜುವಿನ ಹೊಟ್ಟೆಯಲ್ಲಿ ಸೀಮೆಎಣ್ಣೆ ಸ್ಟೌ ಬುಸ್ಸೆಂದು ಹತ್ತಿಕೊಳ್ಳುತ್ತಿತ್ತು. ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಗಾರೆ ಬಾಂಡ್ಲಿ ಹೊತ್ತವರು. ನಟರಾಜು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ, ಬೆಟ್ಟಸ್ವಾಮಿ ಐದಕ್ಕೇ ಬಿಟ್ಟಿದ್ದ. ಆ ಎರಡು ಕ್ಲಾಸಿನ ಹೆಚ್ಚುಗಾರಿಕೆಯೊಂದೇ ನಟರಾಜುವಿಗೆ ಉಳಿದಿದ್ದ ಆಸ್ತಿ. ಬೆಟ್ಟಸ್ವಾಮಿ ಎರಡು ವರ್ಷ ಮೈಸೂರಿನಲ್ಲಿದ್ದು ಐದು ಲೀಟರಿನ ಒಂದು ಬಿಳಿ ಕ್ಯಾನು ಹಿಡಿದು ಬಂದ. ಅವತ್ತಿನಿಂದ ಅವನು ಕೆಮಿಕಲ್ ಮೇಸ್ತ್ರಿ. ಮೋಲ್ಡ್ ಹಾಕಿದ ದಿನ ಮೇಸ್ತ್ರಿಗೆ ಟವಲ್ಲು ಹೊದಿಸಿ ಕೋಳಿ ಊಟ ಹಾಕುವುದು ಎಲ್ಲ ಕಡೆ ಇದ್ದದ್ದೇ. ತೇಪೆ ಹಾಕಿದವನಿಗೆ ಟೀ ಕೊಟ್ಟರೆ ಅದೇ ಹೆಚ್ಚು. ಅಂಥದ್ದರಲ್ಲಿ ಮೇಲಿನ ಬೀದಿಯಲ್ಲಿ ತೇಪೆಗೂ ಬೆಟ್ಟಸ್ವಾಮಿಗೆ ಟವಲ್ಲು ಹೊದಿಸಿದ್ದರು. ಹಸಿರು ಬಾರ್ಡರಿನ ಟವಲ್ಲು. ನಟರಾಜುವಿಗೆ ಆ ಬಾರ್ಡರು ಊಟದ ತಟ್ಟೆಯಲ್ಲೂ ಕಾಣುತ್ತಿತ್ತು.

ಡೈರಿ ಅಧ್ಯಕ್ಷ ಕಂಠಪ್ಪ ಬಂದು ಬಿದ್ದ ಚೂರನ್ನು ಕಾಲಿನಲ್ಲಿ ಹೊರಳಿಸಿ ನೋಡಿದರು.

"ಲೇ ನಟರಾಜ, ಇನ್ನೊಂದು ಸಲ ಮಾಡು. ನಾಳಿದ್ದು ನಾನೇ ಬಂದು ನೋಡ್ತೀನಿ. ಸಜ್ಜಾ ಗಟ್ಟಿ ನಿಂತಿದ್ರೆ ನೀರಿನ ಟ್ಯಾಂಕಿನ ರಿಪೇರೀನೂ ನಿಂದೇ. ಇಲ್ದೇ ಇದ್ರೆ ಎಲ್ಲಾನೂ ಬೆಟ್ಟಸ್ವಾಮಿಗೆ ಬುಟ್ಬುಡ್ತೀನಿ."

"ನಿಲ್ತದೆ ಗೌಡ್ರೇ" ಎಂದ ನಟರಾಜು. ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ಅವತ್ತು ಇಡೀ ದಿನ ಅವನು ಮಾಡಿದ್ದು ಒಂದೇ ಕೆಲಸ, ಬಾಗಿಲ ಸಂದಿಯಿಂದ ಬೆಟ್ಟಸ್ವಾಮಿಯನ್ನು ನೋಡಿದ್ದು. ಬೆಳಗಿನ ಹಾಲು ಮುಗಿದು ಡೈರಿ ಖಾಲಿಯಾದ ಮೇಲೆ ಬೆಟ್ಟಸ್ವಾಮಿ ಏಣಿ ಹತ್ತಿದ. ಸಡಿಲವಾದ ಕಾಂಕ್ರೀಟನ್ನೆಲ್ಲ ಉಳಿಯಿಂದ ಕೆತ್ತಿ ಕೆಡವಿದ. ತಂತಿ ಬ್ರಷ್ಷಿನಿಂದ ಒಂದೊಂದೇ ಕಂಬಿಯನ್ನು ಹಲ್ಲುಜ್ಜಿದ ಹಾಗೆ ಉಜ್ಜಿದ. ಮಧ್ಯಾಹ್ನವಾದರೂ ಉಜ್ಜುತ್ತಲೇ ಇದ್ದ.

'ದೌಲತ್ತು ನೋಡು. ನಾಳೆ ಸಿಮೆಂಟಿನೊಳಗೆ ಮುಚ್ಚಿಹೋಗೋ ಕಂಬಿಗೆ ಸಿಂಗಾರ ಮಾಡ್ತಾವ್ನೆ' ಎಂದುಕೊಂಡ ನಟರಾಜು. ಅವನ ಕಣ್ಣು ಏಣಿಯ ಬುಡದಲ್ಲಿದ್ದ ಕ್ಯಾನಿನ ಮೇಲಿತ್ತು. ಊಟವಾದ ಮೇಲೆ ಬೆಟ್ಟಸ್ವಾಮಿ ಕೆತ್ತಿದ ಜಾಗಕ್ಕೆಲ್ಲ ನೀರು ಎರಚಿ ನೆನೆಸಿದ. ಗಾರೆ ಕಲಸಿ, ಬೆನ್ನು ತಿರುಗಿಸಿ, ಕ್ಯಾನಿನಿಂದ ಒಂದೇ ಒಂದು ಮುಚ್ಚಳದಷ್ಟು ಬಿಳಿ ದ್ರವ ಅದಕ್ಕೆ ಹಾಕಿದ.

"ಅದೇನ್ಲಾ ಅದು?" ನಟರಾಜು ತಡೆಯಲಾರದೆ ಕೇಳಿದ.

"ಕಂಪ್ನಿ ಮಾಲು ಕಣ್ಲಾ. ಏಳಿದ್ರೆ ಪವರ್ ಒಂಟೋಯ್ತದೆ."

ತೇಪೆ ಮೆತ್ತಿ ಮುಗಿಸಿ ಸಂಜೆ ಐದಕ್ಕೆ ಬೆಟ್ಟಸ್ವಾಮಿ ಟೀ ಕುಡಿಯಲು ಹೋದ. ನಟರಾಜು ನೀರಿನ ಚೊಂಬು ಬರಿದು ಮಾಡಿ, ಕ್ಯಾನು ಬಗ್ಗಿಸಿ ತುಂಬಿಕೊಂಡ. ಮೂಸಿ ನೋಡಿದ. ಹಾಲಿನ ವಾಸನೆ. ಡೈರಿಯಲ್ಲಿ ಗೋಡೆ ಮೂಸಿದರೂ ಹಾಲಿನ ವಾಸನೆಯೇ ಬರುತ್ತದೆ ಎಂದುಕೊಂಡು, ಚೊಂಬನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದ.

ಸಂಜೆಯ ಹಾಲಿನ ಸಾಲು ಆಗಲೇ ನಿಂತಿತ್ತು. ಸಾಲಿನ ಮುಂದೆ ಸುನಂದಮ್ಮ.

"ಎಲ್ಲಿಗ್ಲಾ ಆಲು ತಕ್ಕೊಂಡು? ಊರೋರೆಲ್ಲ ಡೈರಿಗೆ ತತ್ತಾರೆ, ನೀನು ಡೈರಿಯಿಂದ ಒತ್ಕೊಂಡು ಓಯ್ತಾ ಇದ್ದೀಯಲ್ಲ."

"ಇಲ್ಲ ಅಕ್ಕ, ಹಾಕಕ್ಕೇ ಬಂದೆ."

"ನಿಂಗೆ ಅಸ ಎಲ್ಲದೆ?"

"ಅತ್ತೆ ಮನೆಯೋರು ಕೊಟ್ರು."

"ಮದ್ವೇನೇ ಆಗಿಲ್ವಲ್ಲೋ."

"ಮುಂದೆ ಅತ್ತೆ ಆಗೋರು" ಎಂದ ನಟರಾಜು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು.

ಡೈರಿ ಸೆಕ್ರೆಟರಿ ಲಿಂಗಯ್ಯ ಚೊಂಬು ಕಿತ್ತುಕೊಂಡು ಜಾಡಿಗೆ ಸುರಿದ, ಹಾಲಿನ ಗಟ್ಟಿತನ ಅಳೆಯುವ ಗಾಜಿನ ಕಡ್ಡಿ ಬಿಟ್ಟ.

"ಇಪ್ಪತ್ತೊಂಬತ್ತು ಡಿಗ್ರಿ" ಎಂದ. ಸಾಲು ಗುಜುಗುಟ್ಟಿತು. ಊರಿನ ಎಷ್ಟೋ ಹಸು ಇಪ್ಪತ್ತಾರು ದಾಟಿರಲಿಲ್ಲ. ಹಸುವೇ ಇಲ್ಲದವನ ಹಾಲಿಗೆ ಇಪ್ಪತ್ತೊಂಬತ್ತು.

ನಟರಾಜು ಕಡ್ಡಿಯತ್ತ ಬಗ್ಗಿ ನೋಡಿದ. ಅಳತೆ ಕಡ್ಡಿಯನ್ನೇ ಮೋಸ ಮಾಡುವ ಕೆಮಿಕಲ್ಲು ಅಂದರೆ ಅದಿನ್ನೆಂಥದ್ದಿರಬೇಕು. ಅಷ್ಟರಲ್ಲಿ ಲಿಂಗಯ್ಯ ಅನುಮಾನ ಬಂದಾಗಲೆಲ್ಲ ಮಾಡುವಂತೆ ಅಂಗೈಗೆ ಹುಯ್ದುಕೊಂಡು ಗುಟುಕ್ಕೆಂದು ಕುಡಿದೇಬಿಟ್ಟ.

"ಕುಡೀಬೇಡಿ ಅಣ್ಣ, ಅದು ಹಾಲಲ್ಲ" ಎಂದು ನಟರಾಜು ಅವನ ಕೈ ಹಿಡಿದುಕೊಂಡ. "ಬೆಟ್ಟಸ್ವಾಮಿ ಕೆಮಿಕಲ್ಲು. ಸಜ್ಜಾಕ್ಕೆ ಹಾಕಣ ಅಂತ ನಾನೇ ಕದ್ದೆ."

ಲಿಂಗಯ್ಯ ನಿಧಾನಕ್ಕೆ ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತ.

"ನಾಲಿಗೆ ಗಟ್ಟಿ ಆಯ್ತಾ ಅದೆ ಕಣ್ರಪ್ಪಾ" ಎಂದ.

ಯಾರೋ ನೀರು ತಂದರು. ಸುನಂದಮ್ಮ ತಡೆದಳು. "ನೀರು ಕುಡಿಸ್ಬೇಡಿ. ಸಿಮೆಂಟು ನೀರು ಬಿದ್ರೇನೆ ಗಟ್ಟಿ ಆಗೋದು."

ಲಿಂಗಯ್ಯನ ಕಣ್ಣುಗಳು ಮೇಲೆ ಹೋದವು. ಕಂಠಪ್ಪ ಓಡಿಬಂದು, ಪಿರಿಯಾಪಟ್ಟಣದ ಆಸ್ಪತ್ರೆಗೆ ಜೀಪು ತರಿಸಲು ಆಳು ಕಳಿಸಿದರು. ಅದೇ ಹೊತ್ತಿಗೆ ಬೆಟ್ಟಸ್ವಾಮಿ ಬಾಯಲ್ಲಿ ಕಡ್ಡಿ ಆಡಿಸುತ್ತಾ ಬಂದ. ಕಂಠಪ್ಪ ಅವನ ಕೊರಳಪಟ್ಟಿಗೇ ಕೈ ಹಾಕಿದರು.

"ಏನ್ಲಾ ಆ ಕ್ಯಾನಲ್ಲಿರೋದು? ಮನ್ಸ ಬದುಕ್ತಾನೋ ಇಲ್ವೋ ಅದೊಂದು ಏಳು."

ಬೆಟ್ಟಸ್ವಾಮಿ ಲಿಂಗಯ್ಯನನ್ನು ನೋಡಿದ, ಚೊಂಬನ್ನು ನೋಡಿದ, ನಟರಾಜುವನ್ನು ನೋಡಿದ. ಎರಡು ಸಲ ಕಣ್ಣು ಮಿಟುಕಿಸಿದ. ಆಮೇಲೆ ಜಾಡಿ ಎತ್ತಿ ಉಳಿದದ್ದನ್ನೆಲ್ಲ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ.

"ಆಲು ಕಣ್ರೀ. ಇವನ ಕಣ್ಣು ಬೆಳಗ್ಗಿಂದ ನನ್ನ ಕ್ಯಾನಿನ ಮೇಲೇ ಇತ್ತು. ಕದೀತಾನೆ ಅಂತ ಗೊತ್ತಾಗಿ ಮಾಲು ಬೇರೆ ಕಡೆ ಮಡಗಿ, ಇದಕ್ಕೆ ಆಲು ಉಯ್ದಿದ್ದೆ."

ಸಾಲಿಗೆ ಸಾಲೇ ಅವನ ಬುದ್ಧಿವಂತಿಕೆಗೆ ತಲೆದೂಗಿತು. ಲಿಂಗಯ್ಯನ ನಾಲಿಗೆ ತಕ್ಷಣ ಮೆತ್ತಗಾಗಿ, ನಟರಾಜುವಿನ ಮೂರು ತಲೆಮಾರನ್ನೂ ಬೈದು ಮುಗಿಸಿತು. ಕಂಠಪ್ಪ ತೀರ್ಮಾನ ಹೇಳಿದರು: ಸಜ್ಜಾ, ಟ್ಯಾಂಕು ಎರಡೂ ಬೆಟ್ಟಸ್ವಾಮಿಗೆ. ಕದ್ದ ತಪ್ಪಿಗೆ ನಟರಾಜು ಏಳು ದಿನ ಬೆಟ್ಟಸ್ವಾಮಿಯ ತೇಪೆಗೆ ಎರಡು ಹೊತ್ತು ನೀರು ಹಾಕಬೇಕು. ಕೂಲಿ ಇಲ್ಲ.

ಮಾರನೇ ದಿನ ಬೆಳಗ್ಗೆಯೇ ನಟರಾಜು ಬಕೆಟ್ಟು ಹಿಡಿದು ಏಣಿ ಹತ್ತಿದ. ಬೆಟ್ಟಸ್ವಾಮಿ ಕೆಳಗೆ ಕೂತು ಬೀಡಿ ಹಚ್ಚಿದ.

"ಹೆಂಗೂ ನನ್ನ ಮಾನ ಹೋಯ್ತು. ಆ ನಿಜವಾದ ಕೆಮಿಕಲ್ಲು ಒಂದ್ಸಲ ತೋರ್ಸ್ಲಾ" ಎಂದ ನಟರಾಜು.

ಬೆಟ್ಟಸ್ವಾಮಿ ಆಚೀಚೆ ನೋಡಿ ದನಿ ತಗ್ಗಿಸಿದ. "ಎಲ್ಲದ್ಲಾ ಕೆಮಿಕಲ್ಲು? ಮೈಸೂರಲ್ಲಿ ನಂಗೆ ಸಿಕ್ಕಿದ್ದು ಖಾಲಿ ಕ್ಯಾನು. ಬೇರೆ ಕಡೆ ಸುಣ್ಣದ ನೀರು ತುಂಬ್ತಿದ್ದೆ. ಇಲ್ಲಿ ಆಲೇ ಕೈಗೆ ಸಿಗ್ತದೆ, ಸಂಜೆಗೆ ಕುಡಿಯಕ್ಕೂ ಆಯ್ತದೆ."

"ಡೈರಿ ಹಾಲು ಕದ್ದವ್ನು ನೀನಾ? ಈಗ್ಲೇ ಎಲ್ರಿಗೂ ಹೇಳ್ತೀನಿ."

"ಏಳೋಗು. ಆಲು ಯಾರ ಚೊಂಬಲ್ಲಿ ಸಿಕ್ತು ಅಂತ ಕೇಳ್ತಾರೆ."

ನಟರಾಜು ಬಕೆಟ್ಟನ್ನು ಏಣಿಯ ಮೆಟ್ಟಿಲಿಗೆ ಆನಿಸಿದ. "ಹಂಗಾದ್ರೆ ತೇಪೆ ಹೆಂಗ್ಲಾ ನಿಲ್ತದೆ?"

"ಕೆತ್ತೋದು, ಉಜ್ಜೋದು, ನೆನೆಸೋದು. ನಿನ್ನ ಮುಂದೇನೇ ಮಾಡಿದ್ನಲ್ಲ. ನಿನ್ನೆಯೆಲ್ಲ ನೋಡ್ತಾನೇ ನಿಂತಿದ್ದೆ."

ಕೆಮಿಕಲ್ಲು ಇದ್ದಿದ್ದರೆ ಇನ್ನೊಂದು ದಿನ ಕದಿಯಬಹುದಿತ್ತು. ನಟರಾಜು ಹಲ್ಲು ಕಚ್ಚಿ, ಇಡೀ ಬಕೆಟ್ಟನ್ನು ತಾರಸಿಗೆ ಬೀಸಿ ಎರಚಿದ. ಅರ್ಧ ನೀರು ತೇಪೆಗೆ ಹೋಯಿತು, ಉಳಿದರ್ಧ ಅವನ ಮುಖಕ್ಕೇ ವಾಪಸು ಬಿತ್ತು. ತೇಪೆ ಮಾತ್ರ ಅಲುಗಲಿಲ್ಲ.

"ಆ ಮೂಲೇಗೂ ಒಸಿ ಆಕು" ಎಂದ ಬೆಟ್ಟಸ್ವಾಮಿ.