ಗೇಣಿನಾಚೆ ಎಲ್ಲಾ ಹೊಗೆ

ಹಸೀನಾಬೇಗಂ ಆ ಲೆನ್ಸನ್ನು ಮೊದಲ ಸಲ ಕಂಡಿದ್ದು ಗಂಡನ ಟವೆಲ್ಲಿನ ಗಂಟಿನಲ್ಲಿ. ವಾಡಿ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ, ಫೋಟೋ ಹುಚ್ಚಿನ ಗುಲಾಮ ದಸ್ತಗೀರ ಹೈದರಾಬಾದಿನ ಹಳೇ ಸಾಮಾನಿನ ಬಜಾರದಿಂದ ಅದನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ತಂದಿದ್ದ.

“ಹುಷಾರ್! ಕೈ ಒರೆಸಿಕೊಂಡು ಹಿಡಿ. ಅದರೊಳಗ ಜರ್ಮನಿ ಅದ!”

ಆಕೆ ಇಣುಕಿದಳು. ಜರ್ಮನಿ ಕಾಣಲಿಲ್ಲ. ತಲೆಕೆಳಗಾದ ಒಂದು ಕಿಟಕಿ, ಅದರಲ್ಲಿ ತಲೆಕೆಳಗಾದ ಬೇವಿನ ಮರ ಮೆಲ್ಲಗೆ ತೂಗುತ್ತಿದ್ದವು. ಒಲೆಯ ಮೇಲಿನ ಬೇಳೆ ಹೊತ್ತುವ ತನಕ ನೋಡಿದಳು.

“ಇನ್ನ ಮ್ಯಾಲೆ ಈ ವಾಡಿಯೊಳಗ ಯಾರ ಕಣ್ಣಿನ ರೆಪ್ಪಿನೂ ನನ್ನ ಲೆಕ್ಕಾ ತಪ್ಪಿಸಂಗಿಲ್ಲ!” ಎಂದು ಗುಲಾಮ ದಸ್ತಗೀರ ಸಾರಿದ.

ಆದರೆ ಲೆನ್ಸು ತಿರುವಿ ಕೂಡಿಸುವಂಥದ್ದು, ಅವನ ಕ್ಯಾಮರಾದ ಬಾಯಿ ಕೊಂಡಿ ಹಾಕಿ ಕೂಡಿಸುವಂಥದ್ದು. ಎರಡೂ ಕಡೆಯವರು ಒಪ್ಪದ ಸಂಬಂಧ! ನಡುವೆ ಒಂದು ಉಂಗುರ ಬೇಕು, ಅದಕ್ಕೆ ಅಡಾಪ್ಟರ್ ಅನ್ನುತ್ತಾರೆ ಎಂದ.

“ನಮ್ಮ ಕಡಿ ಅದಕ್ಕ ಮದುವಿ ದಲ್ಲಾಳಿ ಅಂತಾರ್ರಿ,” ಎಂದಳು ಹಸೀನಾ.

ನಕ್ಕದ್ದು ಆವತ್ತಿಗೇ ಮುಗಿಯಿತು. ವಾರ ಕಳೆದು ಎಲೆ ಅಡಿಕೆಯ ಪಾನದಾನ ತೆರೆದರೆ ಸುಣ್ಣದ ಬಟ್ಟಲೇ ಇಲ್ಲ!

“ನನ್ನ ಬಟ್ಟಲ ಎಲ್ಲಿ ಅದರಿ?”

“ಅದೀಗ ಬಟ್ಟಲ ಅಲ್ಲ, ಉಂಗುರ, ಹಸೀನಾ. ಲೇಥಿನ ಮ್ಯಾಲೆ ಹತ್ತಿ ಬಂದದ. ತಳಾ ಹೋತು, ಭಾಗ್ಯ ತೆರೀತು!”

“ನಮ್ಮ ತವರಿನ ಹಿತ್ತಾಳಿ ಅದು!”

“ತವರಿನ ಹಿತ್ತಾಳಿ ಜರ್ಮನಿ ಸೊಸಿ ಆಗ್ಯಾದ. ಖುಷಿ ಪಡು!”

ಸಂಬಂಧವೇನೋ ಕೂಡಿತು. ಗುಲಾಮ ದಸ್ತಗೀರ ಮಾಳಿಗೆ ಹತ್ತಿ ಕ್ಯಾಮರಾಕ್ಕೆ ಕಣ್ಣಿಟ್ಟ. ವಾಡಿ ಮಾಯ! ಬೆರಳು ದಪ್ಪದ ಆ ಉಂಗುರ ಲೆನ್ಸನ್ನು ಇರಬೇಕಾದ ಜಾಗದಿಂದ ಮುಂದೆ ತಳ್ಳಿಬಿಟ್ಟಿತ್ತು. ಒಂದು ಗೇಣಿನಷ್ಟು ಹತ್ತಿರ ಹಿಡಿದದ್ದು ನೀರಿನೊಳಗಿನ ಹರಳಿನ ಹಾಗೆ ನಿಚ್ಚಳ. ಗೇಣು ದಾಟಿತೋ, ಎಲ್ಲಾ ಹೊಗೆ.

ಹಸೀನಾ ತಾನೂ ನೋಡಿದಳು. ಸಿಗ್ನಲ್ಲಿನ ಕೆಂಪು ದೀಪ ದಾಳಿಂಬೆ ಹೂವಿನ ಹಾಗೆ ಅರಳಿ ನಿಂತಿತ್ತು. ಕಲ್ಲು ಹೊತ್ತ ಗೂಡ್ಸ್ ಗಾಡಿ ಗಾಡಿಯಾಗಿ ಉಳಿಯದೆ ಸಂಜೆಯೊಳಗೆ ಹೊಳೆಯಾಗಿ ಹರಿದು ಹೋಯಿತು. ಚಂದವೇ ಇತ್ತು. ಆದರೂ ಕೇಳಿದಳು, “ಕೆಟ್ಟದೇನ್ರಿ?”

“ಹೊಸಾ ಹಂಚು ಮೊದಲನೇ ರೊಟ್ಟಿ ನೆಟ್ಟಗ ಬಿಡ್ತದೇನು? ಪಳಗಬೇಕು!”

ಪಳಗುವ ಮೊದಲೇ ಚಿತ್ತಾಪುರದಿಂದ ಆಕೆಯ ತಾಯಿ ಇಮಾಮ್‌ಬೀ ಬಂದಿಳಿದಳು. ತನ್ನ ತಮ್ಮನ ಜೊತೆ ಹಜ್‌ಗೆ ಹೊರಟಿದ್ದಳು, ಪಾಸ್‌ಪೋರ್ಟಿಗೆ ಫೋಟೋ ಬೇಕು. ಪರಗಂಡಸಿನ ಸ್ಟುಡಿಯೋಕ್ಕಿಂತ ಅಳಿಯನೇ ವಾಸಿ ಎಂದು ಬಂದವಳು. ಆದರೆ ಅಳಿಯನಿಗೂ ಆಕೆ ಮುಖ ತೋರಿಸಿದವಳಲ್ಲ. ಅವನು ಎದುರಿಗೇ ಕೂತಿದ್ದರೂ ಸೆರಗೆಳೆದುಕೊಂಡು, ಹೇಳುವುದನ್ನು ಮಗಳಿಗೆ ಹೇಳುತ್ತಿದ್ದಳು.

ಹಸೀನಾಗೆ ಇನ್ನೊಂದು ಆಸೆಯಿತ್ತು. ಹಡಗಿನ ಪ್ರಯಾಣ, ಮಾಗಿದ ಜೀವ. ಅಮ್ಮನ ಮುಖದ್ದು, ಮಡಿಲಲ್ಲಿ ಮಲಗಿದಾಗ ಕಾಣುತ್ತಿದ್ದಷ್ಟು ಹತ್ತಿರದ್ದು, ಒಂದು ಫೋಟೋ ತನ್ನ ಪೆಟ್ಟಿಗೆಯಲ್ಲಿ ಇರಬೇಕು. ಅದಕ್ಕೇ ಈ ಸಲ ಜರ್ಮನಿಗೆ ಆಕೆ ಅಡ್ಡ ಬರಲಿಲ್ಲ.

ಅಂಗಳದಲ್ಲಿ ಸ್ಟೂಲು ಹಾಕಿದರು.

“ಸೆರಗ ಸರಸಲಿಕ್ಕ ಹೇಳು, ಹಸೀನಾ,” ಎನ್ನುತ್ತ ಅಳಿಯ ಗೇಣು ದೂರಕ್ಕೆ ಬಗ್ಗಿದ.

“ಅವರಿಗಿ ಹಿಂದ ಸರೀಲಿಕ್ಕ ಹೇಳು, ಬೇಟಿ.”

“ಹಿಂದ ಸರದ್ರ ನೀವು ಹೊಗಿ ಆಗ್ತೀರಿ, ಅಮ್ಮಾರ!”

“ಹೊಗಿ ಆದ್ರ ಆಗ್ಲಿ. ಅಲ್ಲಾಗ ಗುರ್ತು ಹತ್ತತದ ಅಂತ ಹೇಳು.”

ಅಳಿಯ ಒಂದು ಹೆಜ್ಜೆ ಮುಂದೆ. ಅತ್ತೆ ಸ್ಟೂಲಿನ ಸಮೇತ ಎರಡು ಹೆಜ್ಜೆ ಹಿಂದೆ. ಬೇವಿನ ಮರ ದಾಟಿತು. ನೀರಿನ ಕೊಡ ಉರುಳಿತು. ಕೋಳಿಗಳು ಗೋಡೆ ಹತ್ತಿದವು! ಕೊನೆಗೆ ಮನೆಯ ಹೋತ ಕಟ್ಟಿದ್ದ ಗೂಟಕ್ಕೆ ಬೆನ್ನು ತಾಗಿ ಇಮಾಮ್‌ಬೀಗೆ ಇನ್ನು ಸರಿಯಲು ನೆಲವೇ ಉಳಿಯಲಿಲ್ಲ. “ಈಗ ಸಿಕ್ಕ್ರಿ!” ಎಂದು ಅವನು ಒತ್ತಿದ. ಒತ್ತುವ ಗಳಿಗೆಗೆ ಸರಿಯಾಗಿ, ಏನು ಕೊಡುತ್ತಾರೋ ಎಂದು ಹೋತ ನಡುವೆ ಮೂತಿ ಚಾಚಿತು.

ಫೋಟೋ ತೊಳೆದು ಬಂತು. ಹೋತದ ಒಂದೊಂದು ರೆಪ್ಪೆಯನ್ನೂ ಎಣಿಸಬಹುದಿತ್ತು. ಹಿಂದೆ ಬೆಳ್ಳಗೆ, ಬೆಳದಿಂಗಳಲ್ಲಿ ಮರೆತುಬಿಟ್ಟ ಬಟ್ಟೆಯ ಹಾಗೆ, ಇಮಾಮ್‌ಬೀ.

“ಹಳೇ ಲೆನ್ಸ್ ಹಚ್ಚತೀರೋ, ಇಲ್ಲಾ ಈ ಹೋತಕ್ಕೇ ಪಾಸ್‌ಪೋರ್ಟ್ ಮಾಡಸ್ತೀರೋ?” ಎಂದಳು ಹಸೀನಾ.

ಹಳೇ ಲೆನ್ಸು ಅಂಗಳದ ಈ ತುದಿಯಲ್ಲಿ ನಿಂತು, ಅಷ್ಟು ದೂರಕ್ಕಾದರೆ ಸೆರಗು ಸರಿಸಲು ಒಪ್ಪಿದ ಆ ತುದಿಯ ಇಮಾಮ್‌ಬೀಯನ್ನು ಒಂದೇ ಏಟಿಗೆ ಹಿಡಿಯಿತು. ಪಾಸ್‌ಪೋರ್ಟೂ ಆಯಿತು. ಚಿತ್ರದಲ್ಲಿ ಮಾತ್ರ ಯಾರೋ ಬೈದು ಕೂರಿಸಿದ ಮುದುಕಿ.

“ಇದರೊಳಗ ನಮ್ಮಮ್ಮ ಇಲ್ರಿ,” ಎಂದು ಹಸೀನಾ ಕಣ್ಣೊರೆಸಿಕೊಂಡಳು. “ಅಮ್ಮಾ, ಒಂದೇ ಒಂದು ಸಲ ಹತ್ರದಿಂದ…”

“ಅಳಿಯನ ಮುಂದ ಗೇಣು ದೂರ? ತೋಬಾ!”

ಗುಲಾಮ ದಸ್ತಗೀರನಿಗೆ ಅವಮಾನ ನೆತ್ತಿಗೇರಿತು. “ಇನ್ನ ಈ ಜನ್ಮದಾಗ ಕ್ಯಾಮರಾ ಮುಟ್ಟಂಗಿಲ್ಲ!” ಎಂದು ಜರ್ಮನಿ, ದಲ್ಲಾಳಿ, ಕ್ಯಾಮರಾ ಮೂರನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದ.

ಹೊರಡುವ ದಿನ ವಾಡಿ ಸ್ಟೇಷನ್ನಿನಲ್ಲಿ ಬೊಂಬಾಯಿ ಗಾಡಿಗೆ ಬೀಳ್ಕೊಡುವವರ ಜಾತ್ರೆ. ಹೂವಿನ ಹಾರ, ಅಳು, ದುವಾ. ಎಂಜಿನ್ನು ಉಸಿರು ಬಿಟ್ಟಿತು. ಆವಿ ಪ್ಲಾಟ್‌ಫಾರ್ಮಿನ ತುಂಬ ಹಬ್ಬಿ ಮಂದಿ, ಕಂಬ, ಗಡಿಯಾರ ಎಲ್ಲ ಕರಗಿದವು. ಹಿಂದಿನವರು ನೂಕಿದ ರಭಸಕ್ಕೆ ಗಂಡ ಹೆಂಡತಿ ಇಬ್ಬರೂ ಕಿಟಕಿಯ ಸರಳಿಗೆ ಹೋಗಿ ಅಂಟಿಕೊಂಡರು.

ಹಾರದ ಭಾರಕ್ಕೆ ಇಮಾಮ್‌ಬೀಯ ಸೆರಗು ಜಾರಿತ್ತು. ಆಕೆ ಅದನ್ನು ಎಳೆದುಕೊಳ್ಳಲಿಲ್ಲ. ಹೊಗೆಯ ನಡುವೆ ಆ ಮುಖ ಒಂದೇ ನಿಚ್ಚಳ: ಗೆರೆ ಗೆರೆಯೂ, ಕೆಳರೆಪ್ಪೆಯಲ್ಲಿ ನಿಂತ ನೀರೂ. ಅಳಿಯನನ್ನು ಮೊದಲ ಸಲ ಕಣ್ಣು ತುಂಬ ನೋಡಿದಳು. ಅವನು ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಗಾಡಿ ಮೆಲ್ಲಗೆ ಜಗ್ಗಿತು.

ಇಮಾಮ್‌ಬೀ ಮಗಳ ಕಡೆ ತಿರುಗಿ ಕೇಳಿದಳು:

“ಬೇಟಿ, ಈಗ ಬರೋಬ್ಬರಿ ಗೇಣೇ ಅದಲ್ಲ? ಅವರ ಕ್ಯಾಮರಾ ಎಲ್ಲಿ ಅದಂತ?”