ಅತ್ತೆಯ ಆಲ್ಬಮ್ಮಿನಲ್ಲಿ ನನ್ನ ಸ್ಥಾನ

ಫ್ರೀಟೌನಿನಲ್ಲಿ ನೀವು ಗಣ್ಯರೆನಿಸಬೇಕಾದರೆ ನಮ್ಮತ್ತೆಯ ಫೋಟೋ ಆಲ್ಬಮ್ಮಿನಲ್ಲಿ ಇರಬೇಕು! ಮನೆಗೆ ಬಂದವರಿಗೆಲ್ಲ ಅತ್ತೆ ಶುಂಠಿ ಪಾನಕ ಕೊಟ್ಟು ಅದನ್ನು ತೆರೆಯುತ್ತಾರೆ. ಮೊದಲು ವಿಕ್ಟೋರಿಯಾ ರಾಣಿ, ಆಮೇಲೆ ಬಿಷಪ್ಪರು, ಆಮೇಲೆ ಟೊಪ್ಪಿ ಬೆತ್ತಗಳ ಸಮೇತ ನನ್ನ ಷಡ್ಡಕ ನಥಾನಿಯಲ್. ಅವನ ಪಕ್ಕದ ಜಾಗ ನನ್ನದು. ಮದುವೆಯಾದಾಗಿನಿಂದ ಖಾಲಿ!

"ಈ ಶನಿವಾರ ಅದು ತುಂಬುತ್ತೆ ನೋಡು!" ಎಂದು ಹೆಂಡತಿ ಡೋರ್ಕಸ್‌ಗೆ ಸಾರಿದೆ. "ನನ್ನ ಮುಖದ ಗಾಂಭೀರ್ಯಕ್ಕೆ ಕ್ಯಾಮೆರಾನೇ ಎದ್ದು ನಿಲ್ಬೇಕು!"

"ಅದು ಮೂರು ಕಾಲಿನ ಮೇಲೆ ನಿಂತೇ ಇರುತ್ತೆ ಕಣ್ರೀ."

ಫೋಟೋ ತೆಗೆಯುವ ಸೈಲಸ್‌ನ ಸ್ಟುಡಿಯೋದಲ್ಲಿ ನಮ್ಮ ಪುಟ್ಟ ಮಗ ಅಯೋ ತಾಯಿಯ ತೊಡೆಯ ಮೇಲೆ ಕಿರುಚಿದ; ನನ್ನ ತೊಡೆಗೆ ಬಂದೊಡನೆ ಸುಮ್ಮನಾದ. ಸರಿ, ನಾನು ಕುರ್ಚಿಯಲ್ಲಿ, ಅವನು ನನ್ನ ತೊಡೆಯ ಮೇಲೆ, ಡೋರ್ಕಸ್ ಪಕ್ಕದಲ್ಲಿ.

"ಹತ್ತು ಎಣಿಸೋವರೆಗೂ ಯಾರೂ ಅಲುಗಾಡಬಾರದು," ಎಂದ ಸೈಲಸ್.

"ಅಯೋ, ಅಲುಗಾಡ್ಬೇಡ ಮರಿ!" ಎಂದೆ. ಎಣಿಕೆಯ ನಡುವೆಯೇ!

ಸೈಲಸ್ ಚಿತ್ರ ಮೂಡುವ ಗಾಜನ್ನು ತೊಳೆದು ತಂದ. ತಾಯಿ, ಮಗು ಸ್ಪಷ್ಟವಾಗಿ ಮೂಡಿದ್ದರು. ನನ್ನ ಕಾಲರಿನ ಮೇಲೆ ಮಾತ್ರ ಮುಖದ ಬದಲು ಬರೀ ಹೊಗೆ! ಎರಡನೆಯ ಸಲ "ಈಗ ಸರಿ ಬರ್ತಿದೆಯಾ?" ಎಂದು ಕೇಳಿದೆ, ಅಷ್ಟೇ. ಮತ್ತೆ ಹೊಗೆ!

"ಸಾಹೇಬ್ರೇ, ತಲೆ ಹಿಡಿಯೋಕೆ ನನ್ನ ಹತ್ರ ಕಬ್ಬಿಣದ ಕವೆ ಇದೆ. ಬಾಯಿ ಹಿಡಿಯೋಕೆ ಇನ್ನೂ ಯಾರೂ ಏನೂ ಕಂಡುಹಿಡಿದಿಲ್ಲ," ಎಂದ ಸೈಲಸ್. "ಬಿಸಿಲು ಇಳೀತಿದೆ, ಇದೇ ಕೊನೇ ಗಾಜು. ಮಗು ಹಿಡಿಯೋಕೆ ನಿಮ್ಮ ಕೈ ಸಾಕು, ಮುಖ ಬೇಡ."

"ಮುಖಕ್ಕೋಸ್ಕರವೇ ಅಲ್ವೇನಯ್ಯಾ ನಾನು ಬಂದಿರೋದು!"

ಡೋರ್ಕಸ್ ಆಗಲೇ ಕುಚ್ಚಿನ ಮೇಜುಬಟ್ಟೆಯನ್ನು ನನ್ನ ತಲೆಯ ಮೇಲೆ ಹೊದಿಸಿದ್ದಳು. "ಸುಮ್ನೆ ಕುರ್ಚಿ ಆಗ್ರೀ!"

ಆದೆ. ಬಟ್ಟೆಯೊಳಗೆ ಇಡೀ ಭಾಷಣವನ್ನೇ ಮಾಡಿದೆ. ಚಿತ್ರ ಅದ್ಭುತವಾಗಿ ಬಂತು!

ಮರುವಾರ ಚರ್ಚು ಮುಗಿದ ಮೇಲೆ, ತುಂಬಿದ ಕೋಣೆಯಲ್ಲಿ ಅತ್ತೆ ಚಿತ್ರವನ್ನು ಕೈಗೆತ್ತಿಕೊಂಡರು.

"ಮಗಳು ಲಕ್ಷಣವಾಗಿದ್ದಾಳೆ. ಮೊಮ್ಮಗ ಬಂಗಾರ! ಅಳಿಯಂದಿರೆಲ್ಲಿ?"

"ಆ ಕುರ್ಚಿನೇ ಅವರು, ಅಮ್ಮಾ," ಎಂದಳು ಡೋರ್ಕಸ್.

ಕೋಣೆ ನಕ್ಕಿತು. ಅತ್ತೆ ನಗಲಿಲ್ಲ. ಬಟ್ಟೆಯ ಅಂಚಿನಿಂದ ಇಣುಕಿ ಮಗುವಿನ ಹೊಟ್ಟೆಯನ್ನು ಬಳಸಿದ್ದ ನನ್ನ ಬೆರಳುಗಳನ್ನು ಬಹಳ ಹೊತ್ತು ನೋಡಿದರು.

"ಎಷ್ಟು ಭದ್ರವಾಗಿ ಹಿಡಿದಿದ್ದೀರಿ! ಬೆತ್ತ ಹಿಡಿದು ನಿಲ್ಲೋರು ಊರ ತುಂಬಾ ಇದ್ದಾರೆ. ಇದನ್ನ ನಾನು ರಾಣಿಯವರ ಎದುರಿನ ಪುಟಕ್ಕೇ ಹಾಕ್ತೀನಿ."

ನನ್ನ ಎದೆ ಕೋಟಿನ ಗುಂಡಿ ಕಿತ್ತುಬರುವಷ್ಟು ಉಬ್ಬಿತು!

"ಅಳಿಯಂದಿರು ಬಾಯಿ ಮುಚ್ಚಿಕೊಂಡು ಕೂತಿರೋದನ್ನ," ಎಂದರು ಅತ್ತೆ, ಚಿತ್ರದ ಮೂಲೆಗಳನ್ನು ಒತ್ತುತ್ತ, "ಮಹಾರಾಣಿಯವರೂ ಒಂದ್ಸಲ ನೋಡ್ಲಿ!"