ಎಪ್ಪತ್ತೇಳನೆಯ ದಿನದ ಅಡಚಣೆ

"ಈ ಸಲ ಇಂದ್ರನೇ ಇಳಿದು ಬಂದು ಕರೆದರೂ ನಾನು ಮಣೆ ಬಿಟ್ಟು ಏಳಲ್ಲ" ಎಂದು ಬರ್ಮಾದ ಮೌಲಮ್ಯೈನ್ ಊರಿನ ನಿವೃತ್ತ ಹೆಡ್‌ಮಾಸ್ತರ್ ಊ ಒನ್ ಪೇ ಹೆಂಡತಿಯ ಮುಂದೆ ಘೋಷಿಸಿದರು.

"ಇಂದ್ರ ಬರಲ್ಲ ಬಿಡಿ. ಮೌಲಮ್ಯೈನ್‌ನಲ್ಲಿ ಅವನಿಗೇನು ಕೆಲಸ?" ಎಂದು ಹೆಂಡತಿ ಡಾ ತಿನ್ ಯೀ ಮೀನು ಉಜ್ಜುತ್ತಲೇ ಅಂದರು. ಅಲ್ಲಿ ಹಿರಿಯ ಗಂಡಸರ ಹೆಸರಿಗೆ 'ಊ', ಹೆಂಗಸರ ಹೆಸರಿಗೆ 'ಡಾ' ಎಂಬ ಗೌರವ ಅಂಟಿಕೊಂಡಿರುತ್ತದೆ.

ಮಾಸ್ತರು ಹಿಡಿದದ್ದು ಒಂಬತ್ತೊಂಬತ್ತಲ ವ್ರತ. ಎಂಬತ್ತೊಂದು ದಿನ ಬುದ್ಧನ ಮುಂದೆ ಕೂತು, ನೂರೆಂಟು ಮಣಿಯ ಮಾಲೆಯನ್ನು ದಿನಕ್ಕಿಷ್ಟು ಸುತ್ತು ಎಂದು ತಿರುಗಿಸಬೇಕು. ದಿನದ ಜಪದ ನಡುವೆ ಎದ್ದರೋ, ಬಾಯಿ ಬಿಟ್ಟರೋ, ಮತ್ತೆ ಒಂದನೇ ದಿನದಿಂದ ಶುರು. ಮುಗಿಸಿದವನ ಕೋರಿಕೆ ಈಡೇರುತ್ತದೆ ಎಂದು ಊರಿನ ನಂಬಿಕೆ.

ಅವರ ಕೋರಿಕೆ ಒಂದೇ. ಮಗಳು ನ್ವೇ ಊ ಮನೆಗೆ ಬರಬೇಕು. ನಾಲ್ಕು ವರ್ಷದ ಹಿಂದೆ ಅವಳು ಪಾ-ಆನ್ ಊರಿನ ಒಬ್ಬ ಬೈಕ್ ರಿಪೇರಿಯವನನ್ನು ಮದುವೆಯಾದಾಗ ಇವರೇ, "ಇನ್ನು ಈ ಮೆಟ್ಟಿಲು ಹತ್ತಬೇಡ" ಎಂದು ಕೂಗಾಡಿದ್ದರು. ಪಾ-ಆನ್ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹೋಗಿ ಕರೆದುಕೊಂಡು ಬರುವುದಕ್ಕಿಂತ ಎಂಬತ್ತೊಂದು ದಿನ ಮಣಿ ಎಣಿಸುವುದೇ ಈ ಮಹಾಶಯರಿಗೆ ಸುಲಭವಾಗಿ ಕಂಡಿತು.

ಬುದ್ಧನ ಪೀಠ ಮಹಡಿಯ ಮೇಲೆ, ಮೆಟ್ಟಿಲ ಬುಡದಿಂದ ನೇರ ಕಾಣುವಂತಿತ್ತು. ಮೊದಲ ಪ್ರಯತ್ನ ಎಂಟನೇ ದಿನಕ್ಕೇ ಕೆಟ್ಟಿತು. ಪಕ್ಕದ ಮನೆಯ ಡಾ ಲ್ಹಾ ಚಿನ್ ಕಿಟಕಿಯ ಕೆಳಗೆ ನಿಂತು, "ಸಯಾಜೀ, ದೊಡ್ಡ ಮೇಷ್ಟ್ರೇ, ನಿಮ್ಮ ಒರಳು ಸ್ವಲ್ಪ ಬೇಕಿತ್ತು" ಎಂದಳು. "ತಗೊಂಡು ಹೋಗಿ ತಾಯಿ" ಎಂದುಬಿಟ್ಟರು. ಏಳು ದಿನದ ಪುಣ್ಯ ಒರಳಿನ ಜೊತೆ ಹೋಯಿತು.

ಎರಡನೇ ಸಲ ಇಪ್ಪತ್ತಮೂರನೇ ದಿನ ತಲುಪಿದ್ದರು. ಜೊತೆಯಲ್ಲಿ ಕೂತಿದ್ದ ಹೆಂಡತಿ ಸೀನಿದರು. "ಬಾಯಿ ಮುಚ್ಚೆ" ಎಂದು ಗದರಿದ ಮೇಲೆ, ತಮ್ಮ ಬಾಯೇ ತೆರೆದದ್ದು ಅವರಿಗೆ ಹೊಳೆಯಿತು.

"ನೀನು ಕೆಳಗಿರು. ನಿರ್ವಾಣಕ್ಕೆ ಯಾರೂ ಗುಂಪು ಕಟ್ಟಿಕೊಂಡು ಹೋಗಲ್ಲ."

"ನಿಮ್ಮ ಜೊತೆ ನಿರ್ವಾಣಕ್ಕೆ ಬರೋಕೆ ನನಗೇನು ಹುಚ್ಚೇ? ಮಗಳಿಗೋಸ್ಕರ ಕೂತಿದ್ದೆ" ಎಂದು ಆಕೆ ಎದ್ದುಹೋದರು. ಆಮೇಲೆ ಮೇಲೆ ಬರಲೇ ಇಲ್ಲ.

ಮೂರನೇ ದಂಡಯಾತ್ರೆಗೆ ಮಾಸ್ತರು ಸರ್ವಸಿದ್ಧತೆ ಮಾಡಿಕೊಂಡರು. ಬಾಗಿಲಿಗೆ 'ಜಪ ನಡೆಯುತ್ತಿದೆ, ಸದ್ದು ಮಾಡಬಾರದು' ಎಂಬ ಬೋರ್ಡು ಬಿತ್ತು. ಡಾ ಲ್ಹಾ ಚಿನ್‌ಳ ಹುಂಜವನ್ನು ಅವಳ ತಂಗಿಯ ಮನೆಗೆ ಗಡೀಪಾರು ಮಾಡಿಸಿದರು. ಇಷ್ಟೂ ಸಾಲದು ಎಂದು ಒಂದು ಹೊಸ ಕಾನೂನು ಬೇರೆ. ಕೆಳಗಿನಿಂದ ಒಂದು ಸದ್ದು ಬಂದರೆ ಮೇಲೆ ಒಂದು ಸುತ್ತು ಹೆಚ್ಚು! ಮೂವತ್ತೈದು ವರ್ಷ ಮಕ್ಕಳಿಗೆ ಇಂಪೊಸಿಷನ್ ಕೊಟ್ಟ ಕೈ ಸುಮ್ಮನೆ ಇರುತ್ತದೆಯೇ? ಮನೆ ಆಸ್ಪತ್ರೆಯಂತೆ ಗಪ್‌ಚಿಪ್ ಆಯಿತು. ಡಾ ತಿನ್ ಯೀ ಅನ್ನವನ್ನೂ ಸದ್ದಿಲ್ಲದೆ ಬಡಿಸುತ್ತಿದ್ದರು, ಮಾತಂತೂ ಇರಲೇ ಇಲ್ಲ.

ಎಪ್ಪತ್ತೇಳನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೆಳಗೆ ಯಾರೋ ಬಂದ ಸಪ್ಪಳವಾಯಿತು. ಗುಸುಗುಸು. ಆಮೇಲೆ ಹೆಂಡತಿಯ ಕೆಮ್ಮು. ಮಾಸ್ತರು ಮನಸ್ಸಿನಲ್ಲೇ ಒಂದು ಸುತ್ತು ಬರೆದುಕೊಂಡರು.

"ಕೋ ಒನ್ ಪೇ, ಒಂದು ನಿಮಿಷ ಇಳಿದು ಬರ್ತೀರಾ?" ಎಂದು ಹೆಂಡತಿ, ಸಲುಗೆಯ 'ಕೋ' ಹಚ್ಚಿ, ಕೆಳಗಿನಿಂದ ಕರೆದರು.

ಎರಡು ಸುತ್ತು.

"ಯಾರು ಬಂದಿದ್ದಾರೆ ಅಂತ ತಿರುಗಿ ಆದ್ರೂ ನೋಡಬಾರದೇ?"

ಒರಳಿನವಳೇ ಇರಬೇಕು ಎಂದುಕೊಂಡ ಮಾಸ್ತರು ತಿರುಗದೆ, ತೊಲಗಿ ಎಂಬಂತೆ ಕೈ ಮೇಲೆತ್ತಿ ಆಡಿಸಿದರು. ಮೂರನೇ ಕರೆಗೂ ಅದೇ ಕೈ. ಆಮೇಲಿನ ಗುಸುಗುಸು, ಲೋಟದ ಸದ್ದಿಗೂ ಬಿದ್ದ ದಂಡದ ಸುತ್ತುಗಳೆಲ್ಲ ಸೇರಿ, ಹನ್ನೊಂದಕ್ಕೆ ಮುಗಿಯಬೇಕಾದ ಜಪ ಒಂದೂವರೆಗೆ ಮುಗಿಯಿತು. ಎಷ್ಟೇ ಕಾಟ ಕೊಟ್ಟರೂ ಅಲ್ಲಾಡಲಿಲ್ಲವಲ್ಲ ಎಂದು ಎದೆ ಉಬ್ಬಿಸಿಕೊಂಡೇ ಮೆಟ್ಟಿಲಿಳಿದರು.

ಕೆಳಗೆ ಡಾ ತಿನ್ ಯೀ ಕೆನೆಗಟ್ಟಿದ ಚಹಾದ ಲೋಟವನ್ನು ನೋಡುತ್ತಾ ಕೂತಿದ್ದರು.

"ಯಾರದು, ಬೆಳಿಗ್ಗೆ ಬೆಳಿಗ್ಗೆ ಪ್ರಾಣ ತಿನ್ನೋಕೆ ಬಂದಿದ್ದು?"

"ನ್ವೇ."

ಮಾಸ್ತರ ಕೈಯ ಮಾಲೆ ಅಲ್ಲಾಡುವುದು ನಿಂತಿತು.

"ಹೆಸರು ಹೇಳಬಾರದಿತ್ತೇನೇ?"

"ಅವಳೇ ಬೇಡ ಅಂದಳು. ಹೆಸರು ಕೇಳಿಯೂ ಅಪ್ಪ ಏಳದಿದ್ರೆ ನನ್ನ ಕೈಲಿ ತಡೆಯೋಕಾಗಲ್ಲ ಅಮ್ಮ, ಅಂದಳು. ಮೆಟ್ಟಿಲು ಹತ್ತೋಕೆ ನೀವು ಬಿಟ್ಟಿರಲಿಲ್ಲವಲ್ಲ, ಕೆಳಗೇ ಕೂತಿದ್ದಳು. ಮೂರು ಗಂಟೆ ಹೊತ್ತು."

"ಮತ್ತೆ?"

"ಗಂಡನ ಜೊತೆ ನಾಳೆ ಥಾಯ್ಲೆಂಡಿಗೆ ಹೊರಟಿದ್ದಾಳೆ. ಅಲ್ಲೇ ಎಲ್ಲೋ ಕೆಲಸವಂತೆ, ವಿಳಾಸ ಅವಳಿಗೂ ಗೊತ್ತಿಲ್ಲ. ಹೋಗೋ ಮುಂಚೆ ಅಪ್ಪನಿಗೆ ಅಡ್ಡಬೀಳಬೇಕು ಅಂತ ಬಂದಿದ್ದಳು. ಬಸ್ಸಿನ ಹೊತ್ತಾಯ್ತು. ಕೆಳಗಿಂದಲೇ ನಿಮ್ಮ ಬೆನ್ನಿಗೆ ಮೂರು ಸಲ ಅಡ್ಡಬಿದ್ದು ಹೋದಳು."

ಮಾಸ್ತರು ಲುಂಗಿ ಎತ್ತಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದರು. ಪಾ-ಆನ್ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ಮುಂದಿನ ಬಸ್ಸು ಹಿಡಿದು ಪಾ-ಆನ್ ತಲುಪಿದಾಗ ರಿಪೇರಿ ಅಂಗಡಿಗೆ ಬೀಗ ಬಿದ್ದಿತ್ತು. ನಾಳೆ ಗಡಿಗೆ ಹೊರಡಬೇಕಿದ್ದ ಲಾರಿ ಇವತ್ತೇ, ಅವರಿಬ್ಬರನ್ನೂ ಹತ್ತಿಸಿಕೊಂಡು ಹೊರಟುಹೋಯಿತೆಂದು ಎದುರಿನ ಟೈರಿನವನು ಹೇಳಿದ. ಮಾಸ್ತರಿಗೆ ಅಳು ಬಂತು. ಟೈರಿನವನು ಸ್ಟೂಲು ಕೊಟ್ಟ.

ಮರುದಿನ ಅವರು ಬೋರ್ಡು ಕಿತ್ತುಹಾಕಿದರು. ತಾವೇ ಹೋಗಿ ಜಪಕ್ಕೆ ಡಾ ಲ್ಹಾ ಚಿನ್‌ಳನ್ನು ಕರೆದರು, ಹೆಂಡತಿಗೆ ಪಕ್ಕದಲ್ಲೇ ಚಾಪೆ ಹಾಸಿದರು. ಡಾ ಲ್ಹಾ ಚಿನ್ ಒಂದು ಮಣಿಗೆ ಎರಡು ಮಾತು ಆಡುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ಬೀದಿಯಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಮಾಸ್ತರು ಎದ್ದು ಕಿಟಕಿಗೆ ಹೋಗಿ ಬರುತ್ತಿದ್ದರು. ಐದನೇ ಸಲ ಬಂದು ಕೂತಾಗ ಯಾವ ಮಣಿಯಲ್ಲಿದ್ದೆ ಎಂಬುದೇ ನೆನಪಿರಲಿಲ್ಲ.

"ಇನ್ನು ಮೇಲೆ ಯಾರು ಬಂದ್ರೂ ಕರಿ ತಿನ್ ಯೀ. ನೂರು ಸಲ ಕರಿ, ಎದ್ದು ಬರ್ತೀನಿ" ಎಂದರು.

ಡಾ ತಿನ್ ಯೀ ಅವರ ಕೈಯಲ್ಲಿದ್ದ ಮಾಲೆಯನ್ನು ಮೊದಲ ಮಣಿಗೆ ತಿರುಗಿಸಿ ಕೊಟ್ಟರು.

"ಎಣಿಸಿ, ನೆಮ್ಮದಿಯಾಗಿ ಎಣಿಸಿ. ಬರಬೇಕಾದವಳು ಬಂದು ಹೋಗಿ ಆಯ್ತು."